ಏಳು ಪದರದ ತೊಗಲು

ಒಲೆಯ ಮೇಲೆ ಹಾಲು ಕಾಯುವುದನ್ನು ತಾವು ದಿನವೂ ನೋಡುತ್ತೀರಿ. ಕಾದ ಹಾಲನ್ನು ಇಳಿಸಿ ಒಂದು ಗಳಿಗೆ ಹಾಗೆಯೇ ಬಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ. ಚಮಚದ ತುದಿಯಿಂದ ಮೆಲ್ಲನೆ ಎತ್ತಿದರೆ ಅದು ಸುಕ್ಕುಸುಕ್ಕಾಗಿ, ಒಂದೇ ಹಾಳೆಯಾಗಿ ಮೇಲೆದ್ದು ಬರುತ್ತದೆ. ಈ ಕೆನೆಗಾಗಿ ಜಗಳವಾಡುವ ಮಕ್ಕಳೂ ಉಂಟು, ಅದನ್ನು ಕಂಡರೆ ಮುಖ ಸಿಂಡರಿಸುವ ಮಕ್ಕಳೂ ಉಂಟು. ಆದರೆ ಅದನ್ನು ಕಂಡು ಮನುಷ್ಯನ ಚರ್ಮವನ್ನು ನೆನೆದವರು ನಮ್ಮ ಪ್ರಾಚೀನ ವೈದ್ಯರು.

ಸುಶ್ರುತಸಂಹಿತೆಗೆ ಸುಮಾರು ಎರಡು ಸಾವಿರ ವರ್ಷಗಳ ವಯಸ್ಸು. ಅದರ ಶಾರೀರಸ್ಥಾನದಲ್ಲಿ ಒಂದು ಮಾತು ಬರುತ್ತದೆ. ಗರ್ಭದಲ್ಲಿ ದೇಹವು ಪಕ್ವವಾಗುತ್ತಿರುವಾಗ, ಕಾಯುವ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ, ಅದರ ಮೇಲೆ ಏಳು ಚರ್ಮಗಳು ಕಟ್ಟಿಕೊಳ್ಳುತ್ತವೆ ಎಂಬುದು ಅದರ ತಾತ್ಪರ್ಯ. ಸಂಹಿತೆ ಅಷ್ಟಕ್ಕೆ ನಿಲ್ಲುವುದಿಲ್ಲ. ಪದರ ಪದರಕ್ಕೂ ಹೆಸರಿಡುತ್ತದೆ, ಅಳತೆ ಕೊಡುತ್ತದೆ, ಯಾವ ಪದರದಲ್ಲಿ ಯಾವ ರೋಗ ನೆಲೆಸುತ್ತದೆಂದು ಹೇಳುತ್ತದೆ. ಎಲ್ಲಕ್ಕೂ ಹೊರಗಿನದು ಅವಭಾಸಿನಿ, ಎಂದರೆ ಬಣ್ಣಗಳನ್ನು ಹೊರಗೆ ಹೊಳೆಯಿಸಿ ತೋರಿಸುವಂಥದು. ಅದರ ಕೆಳಗೆ ಲೋಹಿತೆ, ಶ್ವೇತೆ, ತಾಮ್ರೆ, ವೇದಿನಿ, ರೋಹಿಣಿ. ಎಲ್ಲಕ್ಕೂ ಒಳಗಿನದು ಮಾಂಸಧರೆ.

ಈ ಪದರಗಳನ್ನು ಅಳೆಯಲು ಅವರು ಹಿಡಿದ ಮಾನ ಯಾವುದು ಬಲ್ಲಿರಾ? ಭತ್ತದ ಕಾಳು. ಅವಭಾಸಿನಿಯು ಒಂದು ಕಾಳಿನ ೧೮ನೆಯ ಒಂದು ಪಾಲು. ಲೋಹಿತೆ ೧೬ನೆಯ ಪಾಲು. ಶ್ವೇತೆ ೧೨ನೆಯ ಪಾಲು. ತಾಮ್ರೆ ೮ನೆಯ ಪಾಲು. ವೇದಿನಿ ೫ನೆಯ ಪಾಲು. ರೋಹಿಣಿ ಪೂರಾ ಒಂದು ಕಾಳು. ಮಾಂಸಧರೆ ಎರಡು ಕಾಳು. ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಈ ಭಿನ್ನರಾಶಿಗಳನ್ನು ಕೂಡಿಸಲು ಹೇಳಿ. ಹೊರಗಿನ ಐದು ಪದರಗಳೂ ಸೇರಿ ಅರ್ಧ ಕಾಳಿಗಿಂತ ತುಸುವೇ ಹೆಚ್ಚು. ಒಳಗಿನ ಎರಡೇ ಪದರಗಳು ಮೂರು ಕಾಳು. ಹೊರಗೆ ತೆಳ್ಳಗೆ, ಒಳಗೆ ದಪ್ಪ ಎಂಬ ತತ್ತ್ವವನ್ನು ಅವರು ಸರಿಯಾಗಿಯೇ ಹಿಡಿದಿದ್ದರು. ಈ ಅಳತೆ ಮಾಂಸಲವಾದ ಭಾಗಗಳಿಗೆ ಮಾತ್ರ ಹೊಂದುವುದು, ಹಣೆಗೆ, ಸಣ್ಣ ಬೆರಳುಗಳಿಗೆ ಹೊಂದದು ಎಂಬ ಎಚ್ಚರಿಕೆಯ ಮಾತನ್ನೂ ಸಂಹಿತೆ ಸೇರಿಸಿದೆ. ಕಣ್ಣಿನಿಂದ ನೋಡದವನು, ಕೈಯಿಂದ ಮುಟ್ಟದವನು ಇಂಥ ಎಚ್ಚರಿಕೆಯನ್ನು ಬರೆಯಲಾರ.

ಹಾಗಾದರೆ ನೋಡಿದ್ದು ಹೇಗೆ? ಅದಕ್ಕೂ ಅಲ್ಲಿಯೇ ಉತ್ತರವಿದೆ. ವಿಷದಿಂದಾಗಲಿ ಬಹುಕಾಲದ ಕಾಯಿಲೆಯಿಂದಾಗಲಿ ಸಾಯದ, ತೀರ ಮುದುಕನೂ ಅಲ್ಲದ ಒಬ್ಬನ ಶವವನ್ನು ಆರಿಸಿಕೊಳ್ಳಬೇಕು. ಕರುಳಿನ ಮಲವನ್ನು ತೆಗೆದು, ಮುಂಜ, ದರ್ಭೆ, ಸೆಣಬು ಮೊದಲಾದವುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನದಿಯಲ್ಲಿ ಮರೆಯಾದ ಕಡೆ ಇಡಬೇಕು. ಏಳು ರಾತ್ರಿ ಕಳೆದು ಚೆನ್ನಾಗಿ ನೆನೆದ ಮೇಲೆ ಹೊರಗೆ ತೆಗೆದು, ಲಾವಂಚದ ಬೇರು, ಕೂದಲು, ಬಿದಿರು ಇವುಗಳಿಂದ ಮಾಡಿದ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಮೊದಲುಗೊಂಡು ಒಂದೊಂದನ್ನೂ ಕಣ್ಣಾರೆ ಕಾಣಬೇಕು. ಬೇಸಿಗೆಯಲ್ಲಿ ಮನೆಗೆ ತಂಪು ತರುವ ಲಾವಂಚಕ್ಕೆ ಇಂಥ ಉಪಯೋಗವೂ ಇತ್ತೆಂಬುದು ನಮಗೆ ವಿಚಿತ್ರವಾಗಿ ತೋರಬಹುದು. ಆದರೆ ಉಪಾಯದ ಜಾಣತನವನ್ನು ಗಮನಿಸಿ. ಹರಿತವಾದ ಚೂರಿಯಿಂದ ಕೊಯ್ದರೆ ಪದರಗಳೆಲ್ಲ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ನೀರಿನಲ್ಲಿ ನೆನೆದು ಕೊಳೆತ ಶವದಲ್ಲಿ ಹೊರಚರ್ಮವು ಒಳಚರ್ಮದಿಂದ ತಾನೇ ಬಿಟ್ಟುಕೊಳ್ಳುತ್ತದೆ. ಇಂದಿನ ವೈದ್ಯರೂ ಇದನ್ನು ಬಲ್ಲರು.

ಇದೇ ಕಾಲದ ಇನ್ನೊಂದು ಮಹಾಗ್ರಂಥವಾದ ಚರಕಸಂಹಿತೆ ಚರ್ಮಕ್ಕೆ ಆರು ಪದರಗಳೆಂದು ಎಣಿಸಿ, ಹೊರಗಿನದನ್ನು ಉದಕಧರೆ, ಎಂದರೆ ನೀರನ್ನು ಹಿಡಿದಿಡುವಂಥದು ಎಂದು ಕರೆಯಿತು. ಇಂದಿನ ವಿಜ್ಞಾನವು ಚರ್ಮವನ್ನು ಮುಖ್ಯವಾಗಿ ಎರಡಾಗಿ ಭಾಗಿಸುತ್ತದೆ: ಹೊರಚರ್ಮ, ಒಳಚರ್ಮ. ಅವುಗಳ ಅಡಿಯಲ್ಲಿ ಕೊಬ್ಬಿನ ಹಾಸಿಗೆ. ಅಂಗೈಯ ಹೊರಚರ್ಮದಲ್ಲಿ ಐದು ಉಪಪದರಗಳನ್ನೂ ಒಳಚರ್ಮದಲ್ಲಿ ಎರಡನ್ನೂ ಗುರುತಿಸುವುದುಂಟು. ಐದೂ ಎರಡೂ ಏಳಾಯಿತಲ್ಲ, ಸುಶ್ರುತನ ಏಳೂ ಇವೇ ಎಂದು ಹಿಗ್ಗುವವರಿದ್ದಾರೆ. ಆದರೆ ಸೂಕ್ಷ್ಮದರ್ಶಕವಿಲ್ಲದೆ ಆ ಉಪಪದರಗಳು ಯಾರ ಕಣ್ಣಿಗೂ ಕಾಣತಕ್ಕವಲ್ಲ. ಹಿರಿಯರಿಗೆ ಅವರು ಕಂಡದ್ದಕ್ಕಾಗಿ ಗೌರವ ಸಲ್ಲಬೇಕೇ ಹೊರತು, ಕಾಣದ್ದನ್ನು ಅವರ ಮೇಲೆ ಹೊರಿಸುವುದರಿಂದ ಅವರ ಗೌರವವೇನೂ ಹೆಚ್ಚುವುದಿಲ್ಲ.

ಇನ್ನು ಸೂಕ್ಷ್ಮದರ್ಶಕದ ಕಾಲಕ್ಕೆ ಬರೋಣ. ಇಟಲಿಯಲ್ಲಿ ಮಾರ್ಚೆಲ್ಲೋ ಮಾಲ್ಪೀಗಿ ಎಂಬ ವೈದ್ಯನಿದ್ದ. ಕಪ್ಪೆಯ ಶ್ವಾಸಕೋಶದಲ್ಲಿ ಕೂದಲಿಗಿಂತ ಸಣ್ಣನೆಯ ರಕ್ತನಾಳಗಳನ್ನು ೧೬೬೧ರಲ್ಲಿ ಮೊದಲು ಕಂಡವನು ಇವನೇ. ಸ್ಪರ್ಶದ ಮರ್ಮವನ್ನು ತಿಳಿಯಬೇಕೆಂದು ಎತ್ತಿನ ನಾಲಗೆಯನ್ನು ಬೇಯಿಸಿ, ಮೇಲಿನ ಪೊರೆಯನ್ನು ಸುಲಿದು ನೋಡಿದ. ಅದರಡಿಯಲ್ಲಿ ಜಾಲರಿಯಂತೆ ತೂತು ತೂತಾದ ಒಂದು ಮೆತ್ತನೆಯ ಪದರ. ಆ ತೂತುಗಳಲ್ಲಿ ಕೆಳಗಿನಿಂದ ಮೊಳೆಗಳಂತೆ ಎದ್ದು ಕುಳಿತ ಸಣ್ಣ ಗುಬುಟುಗಳು. ಬಳಿಕ ಚರ್ಮದಲ್ಲೂ ಅದೇ ರಚನೆಯನ್ನು ಕಂಡು ೧೬೬೫ರಲ್ಲಿ ಪ್ರಕಟಿಸಿದ. ಹೊರಗಿನ ಒಣಪದರಕ್ಕೂ ಒಳಗಿನ ಗಟ್ಟಿ ಚರ್ಮಕ್ಕೂ ನಡುವೆ ಜೀವಂತವಾದ ಒಂದು ಪದರವಿದೆಯೆಂಬುದು ಹೀಗೆ ಹೊರಬಿತ್ತು. ವೈದ್ಯಗ್ರಂಥಗಳಲ್ಲಿ ಬಹುಕಾಲ ಅದಕ್ಕೆ ಮಾಲ್ಪೀಗಿಯ ಪದರವೆಂದೇ ಹೆಸರು ನಡೆದುಬಂದಿತು.

ಮಾಲ್ಪೀಗಿ ಆಗಲೇ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದ. ಆಫ್ರಿಕದ ಕಪ್ಪು ಜನರ ಚರ್ಮದಲ್ಲಿ ಎಲ್ಲಕ್ಕೂ ಮೇಲಿನ ಪೊರೆ ಬೆಳ್ಳಗಿದೆ, ಒಳಚರ್ಮವೂ ಬೆಳ್ಳಗಿದೆ, ಕಪ್ಪು ಇರುವುದು ನಡುವಣ ಆ ತೆಳ್ಳನೆಯ ಪದರದಲ್ಲಿ ಮಾತ್ರ. ಎಷ್ಟು ಚಿಕ್ಕ ಮಾತು! ಆದರೆ ಅದು ಹುಟ್ಟಿದ ಕಾಲ ಎಂಥದು ನೋಡಿ. ಯೂರೋಪಿನ ಹಡಗುಗಳು ಆಫ್ರಿಕದಿಂದ ಮನುಷ್ಯರನ್ನು ಸರಪಣಿಯಲ್ಲಿ ಬಿಗಿದು ಸಾಗಿಸುತ್ತಿದ್ದ ಕಾಲ. ಬಣ್ಣವು ಮೇಲಿನ ಒಂದು ಪೊರೆಯ ಸಂಗತಿಯಾದರೆ ಒಳಗಿನ ಮನುಷ್ಯನು ಒಂದೇ ಎಂದಾಗುತ್ತದೆ. ಹಾಗಾದರೆ ಒಬ್ಬನನ್ನು ಮಾರುವ ಹಕ್ಕು ಇನ್ನೊಬ್ಬನಿಗೆ ಎಲ್ಲಿಂದ ಬಂದೀತು?

ಆದುದರಿಂದ ಈ ಮಾತನ್ನು ಹಲವರು ಒಪ್ಪಲು ಸಿದ್ಧರಿರಲಿಲ್ಲ. ಫ್ರಾನ್ಸಿನ ಬೋರ್ಡೋ ನಗರವು ಗುಲಾಮರ ವ್ಯಾಪಾರದಿಂದಲೂ ಹಣ ಕಂಡ ಬಂದರು. ಅಲ್ಲಿಯ ವಿದ್ವತ್ಸಭೆಯು ೧೭೪೧ರಲ್ಲಿ ಒಂದು ಪ್ರಬಂಧ ಸ್ಪರ್ಧೆಯನ್ನು ನಡೆಸಿತು. ಆಫ್ರಿಕದವರ ಚರ್ಮ ಕಪ್ಪಾಗಲು, ಕೂದಲು ಗುಂಗುರಾಗಲು ಕಾರಣವೇನು ಎಂಬುದೇ ಪ್ರಶ್ನೆ. ಬಂದ ಪ್ರಬಂಧಗಳು ೧೬. ಬಿಸಿಲೆಂದರು ಕೆಲವರು, ದೇವರ ಶಾಪವೆಂದರು ಕೆಲವರು. ಪಿಯೇರ್ ಬಾರೇರ್ ಎಂಬ ವೈದ್ಯ ಅದೇ ವರ್ಷ ಒಂದು ಪುಸ್ತಕವನ್ನೇ ಪ್ರಕಟಿಸಿ, ಅವರ ಪಿತ್ತವೇ ಕಪ್ಪು, ಅದು ಚರ್ಮಕ್ಕೆ ಹರಿದು ಬಣ್ಣ ಕೊಡುತ್ತದೆ ಎಂದು ಸಾಧಿಸಿದ. ಚರ್ಮದಲ್ಲಿದ್ದ ಭೇದವನ್ನು ಹೊಟ್ಟೆಯೊಳಕ್ಕೂ ಇಳಿಸುವ ಹವಣಿಕೆ ಇದು. ಕಡೆಗೆ ಸಭೆಯು ಯಾರಿಗೂ ಬಹುಮಾನ ಕೊಡಲಿಲ್ಲ.

ಇಂದು ನಮಗೆ ತಿಳಿದಿರುವುದು ಇಷ್ಟು. ಹೊರಚರ್ಮದ ತಳದ ಸಾಲಿನಲ್ಲಿ ಸುಮಾರು ಹತ್ತು ಜೀವಕೋಶಗಳಿಗೆ ಒಂದರಂತೆ ಬಣ್ಣ ತಯಾರಿಸುವ ಕೋಶಗಳಿವೆ. ಅವು ಮೆಲನಿನ್ ಎಂಬ ಕಂದು ವಸ್ತುವನ್ನು ಸಣ್ಣ ಸಣ್ಣ ಕಣಗಳಾಗಿ ಕಟ್ಟಿ ನೆರೆಹೊರೆಯ ಕೋಶಗಳಿಗೆ ಹಂಚುತ್ತವೆ. ಆ ಕಣಗಳು ಕೋಶದ ನಡುವಣ ಬೀಜದ ಮೇಲೆ ಕೊಡೆ ಹಿಡಿದಂತೆ ನಿಂತು ಬಿಸಿಲಿನ ಉಗ್ರ ಕಿರಣಗಳನ್ನು ತಡೆಯುತ್ತವೆ. ಕರಿಯರಲ್ಲಾಗಲಿ ಬಿಳಿಯರಲ್ಲಾಗಲಿ ಈ ಬಣ್ಣದ ಕೋಶಗಳ ಸಂಖ್ಯೆ ಹೆಚ್ಚುಕಡಮೆ ಒಂದೇ! ವ್ಯತ್ಯಾಸವಿರುವುದು ಕಣಗಳ ಗಾತ್ರದಲ್ಲಿ, ಮೊತ್ತದಲ್ಲಿ, ಹಂಚಿಕೆಯಲ್ಲಿ. ಬಿಸಿಲು ಹೆಚ್ಚಾದ ನಾಡಿನವರಿಗೆ ಕೊಡೆ ದೊಡ್ಡದು, ಅಷ್ಟೆ. ಈ ಕೊಡೆಗಳಿರುವ ಹೊರಚರ್ಮದ ದಪ್ಪ ದೇಹದ ಬಹುಭಾಗದಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಬಣ್ಣ ಕೇಳಿ ಹೆಣ್ಣು ನೋಡುವ ನಾವು, ಮಗು ಹುಟ್ಟಿದೊಡನೆ ಬಣ್ಣ ಯಾರದೆಂದು ವಿಚಾರಿಸುವ ನಾವು, ಒಂದು ಮನೆತನದ ಸುಖದುಃಖವನ್ನು ತೂಗುತ್ತಿರುವುದು ಕಾಗದದ ಹಾಳೆಯಷ್ಟು ದಪ್ಪದ ಒಂದು ಪದರದ ಮೇಲೆ. ಬೋರ್ಡೋದ ಪಂಡಿತರನ್ನು ನೋಡಿ ನಗುವ ಮೊದಲು ನಾವು ಇದನ್ನೂ ನೆನೆಯುವುದು ಒಳ್ಳೆಯದು.

ಈ ಮಧ್ಯೆ ನಮ್ಮ ನಾಡಿನಲ್ಲಿ ನಡೆದ ಒಂದು ಘಟನೆ ಚರ್ಮದ ಚರಿತ್ರೆಯನ್ನೇ ತಿರುಗಿಸಿತು. ಮೈಸೂರಿನ ಮೂರನೆಯ ಯುದ್ಧ ೧೭೯೨ರಲ್ಲಿ ಮುಗಿಯಿತು. ಆ ಯುದ್ಧದಲ್ಲಿ ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುವ ಕೆಲಸಕ್ಕಿದ್ದ ಕಾವಸಜಿ ಎಂಬ ಮರಾಠ ರೈತನು ಟಿಪ್ಪು ಸುಲ್ತಾನನ ಕಡೆಯವರಿಗೆ ಸೆರೆ ಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಆ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೈನ್ಯವನ್ನು ಕೂಡಿಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದ ಮೇಲೆ ಪುಣೆಯ ಬಳಿ ಇಟ್ಟಿಗೆ ಸುಡುವ ಜಾತಿಯ ಒಬ್ಬಾತ ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟ. ಮುಂಬಯಿಯ ಇಬ್ಬರು ಇಂಗ್ಲಿಷ್ ವೈದ್ಯರು ಪಕ್ಕದಲ್ಲೇ ನಿಂತು ಅದನ್ನು ನೋಡಿದರು. ಅದರ ವರದಿ ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಆ ಕುಶಲಿ ಮಾಡಿದ್ದೇನು? ತೆಳ್ಳನೆಯ ಮೇಣದ ತಗಡನ್ನು ಮೂಗಿನ ಆಕಾರಕ್ಕೆ ಬಗ್ಗಿಸಿದ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಆ ಗೆರೆಯಗುಂಟ ಹಣೆಯ ಚರ್ಮವನ್ನು ಕೊಯ್ದು ಬಿಡಿಸಿದ. ಆದರೆ ಎರಡು ಹುಬ್ಬುಗಳ ನಡುವೆ ಒಂದು ಕಿರುಪಟ್ಟಿಯನ್ನು ಮಾತ್ರ ಕೊಯ್ಯದೆ ಉಳಿಸಿಕೊಂಡ. ಬಿಡಿಸಿದ ಚರ್ಮವನ್ನು ಕೆಳಕ್ಕೆ ತಿರುಚಿ, ಮೂಗಿದ್ದ ಜಾಗಕ್ಕೆ ಕೂರಿಸಿ, ಹೊಲಿಗೆಯಿಲ್ಲದೆ, ನೀರಿನಲ್ಲಿ ಕಲಸಿದ ಕಾಚಿನಿಂದ ಅಂಟಿಸಿದ. ಹೌದು, ನಾವು ವೀಳ್ಯದೊಡನೆ ಮೆಲ್ಲುವ ಕಾಚೇ! ಸುಮಾರು ೨೫ನೆಯ ದಿನ, ಹೊಸ ಮೂಗು ತನ್ನ ನೆಲದಲ್ಲಿ ಬೇರೂರಿದ ಬಳಿಕ, ಆ ಕಿರುಪಟ್ಟಿಯನ್ನು ಕತ್ತರಿಸಿದ.

ಪಟ್ಟಿಯನ್ನು ಉಳಿಸಿಕೊಂಡದ್ದರಲ್ಲಿಯೇ ಎಲ್ಲ ಗುಟ್ಟೂ ಅಡಗಿದೆ. ಹೊರಚರ್ಮದಲ್ಲಿ ರಕ್ತನಾಳವೇ ಇಲ್ಲ. ಅದು ತನ್ನ ಅನ್ನಕ್ಕೆ ಕೆಳಗಿನ ಒಳಚರ್ಮವನ್ನೇ ನಂಬಿದೆ. ರಕ್ತನಾಳಗಳು, ಬೆವರಿನ ಗ್ರಂಥಿಗಳು, ಕೂದಲಿನ ಬೇರು, ಮುಟ್ಟಿದ್ದನ್ನು ತಿಳಿಸುವ ನರಗಳ ತುದಿ, ಎಲ್ಲವೂ ನೆಲೆಸಿರುವುದು ಒಳಚರ್ಮದ ಗಟ್ಟಿ ನಾರಿನ ಹೆಣಿಗೆಯಲ್ಲಿ. ಅಷ್ಟು ದಪ್ಪದ ತುಂಡನ್ನು ಪೂರ್ತಿ ಕಿತ್ತು ಬೇರೆಡೆ ಅಂಟಿಸಿದರೆ ರಕ್ತವಿಲ್ಲದೆ ಅದು ಕಪ್ಪಾಗಿ ಸಾಯುತ್ತಿತ್ತು. ಹುಬ್ಬಿನ ನಡುವಣ ಪಟ್ಟಿ ಅದಕ್ಕೆ ತಾಯಿಯ ಹೊಕ್ಕಳಬಳ್ಳಿಯಾಯಿತು. ಸೂಕ್ಷ್ಮದರ್ಶಕವನ್ನು ಕಾಣದ ಆ ಕುಶಲಿಗೆ ರಕ್ತದ ದಾರಿ ಯಾವ ಆಳದಲ್ಲಿದೆಯೆಂಬುದು ಕೈಗೆ ತಿಳಿದಿತ್ತು. ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಈ ವಿಧಾನವನ್ನು ವರ್ಷಗಟ್ಟಲೆ ವಿಚಾರಿಸಿ, ಶವಗಳ ಮೇಲೆ ಅಭ್ಯಾಸ ಮಾಡಿ, ೧೮೧೪ರಲ್ಲಿ ಒಬ್ಬ ಸೇನಾಧಿಕಾರಿಗೆ ಮೂಗು ಕಟ್ಟಿದ. ೧೮೧೬ರಲ್ಲಿ ಪುಸ್ತಕ ಬರೆದ. ಯೂರೋಪಿನಲ್ಲಿ ಇದು ‘ಇಂಡಿಯನ್ ವಿಧಾನ’ ಎಂದೇ ಹೆಸರಾಯಿತು. ಕಾವಸಜಿಯ ಹೆಸರು ಉಳಿಯಿತು. ಮೂಗು ಕಟ್ಟಿದ ಕೈಯ ಹೆಸರನ್ನು ಬರೆದಿಡಬೇಕೆಂದು ಆ ವರದಿಗಾರನಿಗೆ ತೋರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಚರ್ಮದ ಒಂದೊಂದೇ ಕೋಣೆಯ ಬಾಗಿಲು ತೆರೆಯಿತು. ಪ್ರಾಣಿಗಳ ಶರೀರವೆಲ್ಲ ಜೀವಕೋಶಗಳಿಂದ ಕಟ್ಟಿದ್ದೆಂದು ತಿಯೊಡೋರ್ ಶ್ವಾನ್ ೧೮೩೯ರಲ್ಲಿ ಸಾರಿದ. ಆಮೇಲೆ ಹೊರಚರ್ಮದ ಕಥೆ ತಿಳಿಯಾಯಿತು. ಅದರ ತಳದ ಸಾಲಿನಲ್ಲಿ ಕೋಶಗಳು ಸದಾ ಒಡೆದು ಎರಡಾಗುತ್ತಿರುತ್ತವೆ. ಹೊಸದು ಹಳೆಯದನ್ನು ಮೇಲಕ್ಕೆ ತಳ್ಳುತ್ತದೆ. ಮೇಲೇರುತ್ತ ಏರುತ್ತ ಕೋಶವು ಚಪ್ಪಟೆಯಾಗಿ, ಉಗುರು ಕೂದಲುಗಳಲ್ಲಿರುವ ಕೆರಾಟಿನ್ ಎಂಬ ಗಡಸು ವಸ್ತುವನ್ನು ತುಂಬಿಕೊಂಡು, ತನ್ನ ಬೀಜವನ್ನು ಕಳೆದುಕೊಂಡು ಸಾಯುತ್ತದೆ. ಸತ್ತ ಮೇಲೂ ಅದರ ಸೇವೆ ಮುಗಿಯುವುದಿಲ್ಲ. ಸತ್ತ ಕೋಶಗಳು ಇಟ್ಟಿಗೆಗಳಂತೆ ಸಾಲಾಗಿ, ನಡುವೆ ಕೊಬ್ಬಿನ ಗಾರೆಯೊಡನೆ, ಗೋಡೆಯಾಗಿ ನಿಲ್ಲುತ್ತವೆ. ಒಳಗಿನ ನೀರು ಆರಿಹೋಗದಂತೆ, ಹೊರಗಿನ ವಿಷ, ರೋಗಾಣುಗಳು ಒಳಗೆ ನುಗ್ಗದಂತೆ ಕಾಯುವುದು ಈ ಗೋಡೆ. ಚರಕನ ಉದಕಧರೆ ಎಂಬ ಹೆಸರು ಇಲ್ಲಿ ಎಷ್ಟು ಚೆನ್ನಾಗಿ ಒಪ್ಪುತ್ತದೆ! ತಳದಿಂದ ಹೊರಟ ಕೋಶವೊಂದು ಮೇಲೇರಿ ಉದುರಿಹೋಗಲು ಸುಮಾರು ನಾಲ್ಕರಿಂದ ಆರು ವಾರ. ಎಣ್ಣೆನೀರಿನ ದಿನ ತಾವು ಉಜ್ಜಿ ತೆಗೆಯುವ ಮಣ್ಣಿನಲ್ಲಿ ಹೆಚ್ಚಿನದು ಬೀದಿಯ ಮಣ್ಣಲ್ಲ, ತಮ್ಮದೇ ಹಳೆಯ ಚರ್ಮ. ಹಾಲಿನ ಕೆನೆ ಕಟ್ಟುವುದು ಮೇಲ್ಭಾಗದಲ್ಲಿ. ನಮ್ಮ ಚರ್ಮದ ಕೆನೆಯಾದರೋ ಕೆಳಗಿನಿಂದ, ಬಾಳುದ್ದಕ್ಕೂ ಕಟ್ಟುತ್ತಲೇ ಇರುತ್ತದೆ. ಹಳೆಯ ಹೋಲಿಕೆಯಲ್ಲಿ ನಾವು ತಿದ್ದಬೇಕಾದದ್ದು ಇಷ್ಟೆ.

ಬರ್ಲಿನ್ನಿನಲ್ಲಿ ಓದುತ್ತಿದ್ದ ಪೌಲ್ ಲಾಂಗರ್‌ಹಾನ್ಸ್ ಎಂಬ ತರುಣ ೧೮೬೮ರಲ್ಲಿ, ತನ್ನ ೨೧ನೆಯ ವಯಸ್ಸಿನಲ್ಲಿ, ಚರ್ಮಕ್ಕೆ ಚಿನ್ನದ ಲವಣದ ದ್ರಾವಣವನ್ನು ಊಡಿಸಿ ನೋಡಿದಾಗ ಹೊರಚರ್ಮದ ನಡುವೆ ಕೊಂಬೆ ಚಾಚಿದ ಮರಗಳಂಥ ಕೋಶಗಳು ಕಂಡವು. ಅವು ನರದ ಕೋಶಗಳೆಂದು ಅವನು ಭಾವಿಸಿದ. ನೂರು ವರ್ಷಕ್ಕೂ ಮೇಲೆ, ೧೯೭೩ರಲ್ಲಿ ಆರಂಭವಾದ ಸಂಶೋಧನೆಗಳಿಂದ ಅವು ಕಾವಲುಗಾರರೆಂದು ತಿಳಿದುಬಂತು. ಗೋಡೆ ದಾಟಿ ಬಂದ ಪರಕೀಯ ವಸ್ತುವನ್ನು ಹಿಡಿದು, ದೇಹದ ರಕ್ಷಣಾಪಡೆಗೆ ಗುರುತು ತೋರಿಸುವುದು ಅವುಗಳ ಕೆಲಸ. ಸ್ಪರ್ಶದ ಕಥೆಯೂ ಹೀಗೆಯೇ ನಿಧಾನವಾಗಿ ಬಿಚ್ಚಿತು. ಬಿಸಿಯನ್ನು ಅರಿಯುವ ಚುಕ್ಕೆಗಳು ಬೇರೆ, ತಂಪನ್ನು ಅರಿಯುವ ಚುಕ್ಕೆಗಳು ಬೇರೆ ಎಂದು ಸ್ವೀಡನ್ನಿನ ಮ್ಯಾಗ್ನಸ್ ಬ್ಲಿಕ್ಸ್ ೧೮೮೦ರ ದಶಕದಲ್ಲಿ ತೋರಿಸಿದ. ಆದರೆ ನರದ ತುದಿಯಲ್ಲಿ ಬಿಸಿಗೆ ತೆರೆಯುವ ಬಾಗಿಲು ಯಾವುದೆಂದು ಗೊತ್ತಾಗಲು ೧೯೯೭ರವರೆಗೆ ಕಾಯಬೇಕಾಯಿತು. ಡೇವಿಡ್ ಜೂಲಿಯಸ್ ಅದನ್ನು ಪತ್ತೆಹಚ್ಚಿದ್ದು ಮೆಣಸಿನಕಾಯಿಯ ಖಾರದ ಸತ್ತ್ವದಿಂದ. ಖಾರಕ್ಕೂ ಸುಡುವ ಶಾಖಕ್ಕೂ ತೆರೆಯುವ ಬಾಗಿಲು ಒಂದೇ! ಮೆಣಸಿನಕಾಯಿ ಮುರಿದ ಕೈ ಬೆಂಕಿ ತಗುಲಿದಂತೆ ಉರಿಯುವುದೇಕೆಂಬ ಅಡಿಗೆಮನೆಯ ಪ್ರಶ್ನೆಗೆ ಉತ್ತರ ಇದೇ. ಒತ್ತಡವನ್ನು ಅರಿಯುವ ಬಾಗಿಲನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೂ ಜೂಲಿಯಸ್ ಅವರಿಗೂ ೨೦೨೧ರ ನೊಬೆಲ್ ಬಹುಮಾನ ಸಂದಿತು.

ಅಡಿಗೆಮನೆಯ ಮಾತು ಬಂದದ್ದರಿಂದ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನಾನು ಚಿಕ್ಕವನಾಗಿದ್ದಾಗ ನಮ್ಮ ಅಕ್ಕನ ಮುಂಗೈ ಮೇಲೆ ಕುದಿಯುವ ಸಾರು ಚೆಲ್ಲಿತು. ಅಜ್ಜಿ ಮೊದಲು ಮಾಡಿದ ಕೆಲಸ ಸರಿಯಾದದ್ದು. ಬಾವಿಯಿಂದ ಸೇದಿದ ನೀರನ್ನು ಕೊಡಗಟ್ಟಲೆ ಸುರಿದರು. ಅಷ್ಟರಲ್ಲಿ ನೆರೆಯವರು ಸೇರಿದರು. ಒಬ್ಬರು ಶಾಯಿ ತಂದರು, ಇನ್ನೊಬ್ಬರು ದೋಸೆಹಿಟ್ಟು ಬಳಿದರು, ಮತ್ತೊಬ್ಬರು ಎದ್ದ ಗುಳ್ಳೆಯನ್ನು ಸೂಜಿಯಿಂದ ಚುಚ್ಚಿದರು. ಗಾಯಕ್ಕೆ ಕೀವು ತುಂಬಿ, ತಿಂಗಳುಗಟ್ಟಲೆ ನರಳಿ, ಕಡೆಗೆ ಅಕ್ಕನ ಕೈಗೆ ಅಳಿಸಲಾಗದ ಕಲೆ ಉಳಿಯಿತು. ಬೆಂಕಿ ಮಾಡಿದ್ದೆಷ್ಟು, ನಾವು ಮಾಡಿದ್ದೆಷ್ಟು ಎಂದು ನಾನು ಈಗಲೂ ಯೋಚಿಸುವುದುಂಟು.

ಸುಟ್ಟ ಗಾಯದ ಭವಿಷ್ಯವೆಲ್ಲ ಅದರ ಆಳದಲ್ಲಿದೆ. ಹೊರಚರ್ಮ ಮಾತ್ರ ಸುಟ್ಟರೆ ಕೆಂಪಾಗಿ ಉರಿಯುತ್ತದೆ, ಕೆಲವು ದಿನಗಳಲ್ಲಿ ಮಾಯುತ್ತದೆ. ಒಳಚರ್ಮದ ಮೇಲ್ಭಾಗಕ್ಕೂ ತಾಕಿದರೆ ಹೊರಚರ್ಮ ಅದರಿಂದ ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ; ಅದೇ ಗುಳ್ಳೆ. ಸುಶ್ರುತನ ಶಿಷ್ಯರು ಏಳು ರಾತ್ರಿ ಕಾದು ಬಿಡಿಸುತ್ತಿದ್ದ ಪದರವನ್ನು ಕುದಿಯುವ ನೀರು ಕ್ಷಣದಲ್ಲಿ ಬಿಡಿಸುತ್ತದೆ. ಆಗಲೂ ಕೂದಲಿನ ಬೇರಿನ ಸುತ್ತ, ಬೆವರಿನ ಕೊಳವೆಗಳ ಒಳಗೆ ಹೊರಚರ್ಮದ ಕೋಶಗಳು ಆಳಕ್ಕೆ ಇಳಿದು ಕುಳಿತಿರುತ್ತವೆ. ಬೆಂಕಿಗೆ ಸಿಕ್ಕದೆ ಉಳಿದ ಈ ಬೀಜಗಳಿಂದಲೇ ಹೊಸ ಚರ್ಮ ಹಬ್ಬುತ್ತದೆ. ಒಳಚರ್ಮವೂ ಪೂರ್ತಿ ಸುಟ್ಟರೆ ಬಿತ್ತಲು ಬೀಜವೇ ಇಲ್ಲ. ಅಂಥ ಗಾಯ ಬಿಳಿಚಿಕೊಂಡು ಅಥವಾ ಕರಿಕಾಗಿ, ನೋವಿಲ್ಲದೆಯೂ ಇರಬಹುದು. ನೋವು ಹೇಳುವ ನರಗಳೇ ಸುಟ್ಟಿರುತ್ತವೆ. ನೋವಿಲ್ಲವೆಂದು ಸಮಾಧಾನಪಡುವುದು ಎಷ್ಟು ದೊಡ್ಡ ತಪ್ಪೆಂಬುದನ್ನು ತಾವೇ ಊಹಿಸಿ. ಸುಟ್ಟೊಡನೆ ಮಾಡಬೇಕಾದದ್ದು ಒಂದೇ: ಹರಿಯುವ ತಣ್ಣೀರಿನ ಕೆಳಗೆ ೨೦ ನಿಮಿಷ ಹಿಡಿಯುವುದು. ಮಂಜುಗಡ್ಡೆ ಬೇಡ, ಶಾಯಿ ಬೇಡ, ಹಿಟ್ಟು ಬೇಡ, ಹಲ್ಲುಜ್ಜುವ ಪೇಸ್ಟೂ ಬೇಡ. ಗುಳ್ಳೆಯನ್ನು ಒಡೆಯುವುದೂ ಬೇಡ. ಶುಭ್ರವಾದ ಬಟ್ಟೆ ಹೊದಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಬೀಜವೇ ಉಳಿಯದ ಗಾಯಕ್ಕೆ ಬೇರೆ ಕಡೆಯಿಂದ ಬೀಜ ತಂದು ಬಿತ್ತಬಹುದೇ? ಜಾಕ್-ಲೂಯಿ ರೆವರ್ಡ್ಯಾಂ ಎಂಬ ತರುಣ ವೈದ್ಯ ೧೮೬೯ರಲ್ಲಿ ಪ್ಯಾರಿಸಿನ ಆಸ್ಪತ್ರೆಯಲ್ಲಿ ಹಾಗೆಯೇ ಮಾಡಿದ. ರೋಗಿಯ ಮೈಯಿಂದಲೇ ತೆಳ್ಳಗೆ ಚಿವುಟಿ ತೆಗೆದ ಹೊರಚರ್ಮದ ಚೂರುಗಳನ್ನು ಮಾಯದ ಹುಣ್ಣಿನ ಮೇಲಿಟ್ಟ. ಅವು ಬೇರೂರಿ ದ್ವೀಪಗಳಂತೆ ಹರಡಿದವು. ದಪ್ಪನೆಯ ತುಂಡಿಗೆ ಹೊಕ್ಕಳಬಳ್ಳಿ ಬೇಕು. ಇಂಥ ತೆಳ್ಳನೆಯ ಚೂರಾದರೆ, ಹೊಸ ರಕ್ತನಾಳ ಬೆಳೆದು ಬರುವವರೆಗೆ, ಗಾಯದಲ್ಲಿ ಜಿನುಗುವ ದ್ರವವನ್ನು ಹೀರಿಯೇ ಬದುಕಬಲ್ಲದು. ಇಂದು ಶಸ್ತ್ರವೈದ್ಯರು ಸಾಮಾನ್ಯವಾಗಿ ತೊಡೆಯಿಂದ ಇಂಥ ತೆಳು ಪದರವನ್ನು ತೆಗೆಯುತ್ತಾರೆ. ಅಲ್ಲಿ ಉಳಿದ ಬೀಜಗಳಿಂದ ತೊಡೆಯ ಗಾಯ ತಾನಾಗಿ ಮಾಯುತ್ತದೆ.

ಆದರೆ ಮೈಯೆಲ್ಲ ಸುಟ್ಟವನಿಗೆ ತೆಗೆಯಲು ಚರ್ಮ ಎಲ್ಲಿ? ಇನ್ನೊಬ್ಬರದನ್ನು ಹಾಕಿದರೆ ಅದು ಕೆಲವೇ ವಾರಗಳಲ್ಲಿ ಉದುರಿಹೋಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೩ರಲ್ಲಿ, ಪೀಟರ್ ಮೆಡವಾರ್ ಮತ್ತು ಥಾಮಸ್ ಗಿಬ್ಸನ್ ಗ್ಲಾಸ್ಗೋ ನಗರದ ಸುಟ್ಟಗಾಯದ ರೋಗಿಯೊಬ್ಬಳಲ್ಲಿ ಇದನ್ನು ಗಮನವಿಟ್ಟು ಪರೀಕ್ಷಿಸಿದರು. ಒಬ್ಬರದೇ ಚರ್ಮವನ್ನು ಎರಡನೆಯ ಬಾರಿ ಹಾಕಿದಾಗ ಅದು ಇನ್ನೂ ಬೇಗ ಉದುರಿತು. ದೇಹವು ಪರಕೀಯರನ್ನು ಗುರುತಿಸುತ್ತದೆ, ನೆನಪಿಟ್ಟುಕೊಳ್ಳುತ್ತದೆ ಎಂಬುದು ಇದರಿಂದ ಹೊಳೆಯಿತು. ಮೂತ್ರಪಿಂಡ, ಹೃದಯಗಳ ಬದಲಾವಣೆಗೆ ದಾರಿ ತೋರಿದ ಜ್ಞಾನ ಹುಟ್ಟಿದ್ದು ಹೀಗೆ ಚರ್ಮದಿಂದ. ಮೆಡವಾರ್ ಅವರಿಗೆ ೧೯೬೦ರಲ್ಲಿ ನೊಬೆಲ್ ಬಹುಮಾನ ಬಂದಿತು. ಮುಂದೆ ೧೯೭೫ರಲ್ಲಿ ಅಮೆರಿಕದ ಜೇಮ್ಸ್ ರೈನ್‌ವಾಲ್ಡ್, ಹೋವರ್ಡ್ ಗ್ರೀನ್ ಇವರು ಹೊರಚರ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ವಿಧಾನವನ್ನು ಕಂಡುಹಿಡಿದರು. ೧೯೮೩ರಲ್ಲಿ ಮೈಯ ಬಹುಪಾಲು ಸುಟ್ಟುಹೋಗಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರಿಗೆ, ಅವರದೇ ಉಳಿದ ಚೂರು ಚರ್ಮದಿಂದ ಬೆಳೆಸಿದ ಹಾಳೆಗಳನ್ನು ಬಾಸ್ಟನ್ನಿನಲ್ಲಿ ಹೊದಿಸಿದರು. ಇಬ್ಬರೂ ಬದುಕಿದರು.

ತಟ್ಟೆಯಲ್ಲಿ ಚರ್ಮ ಬೆಳೆಯಲು ವಾರಗಳು ಬೇಕು. ಅಷ್ಟು ದಿನ ಗಾಯ ತೆರೆದಿದ್ದರೆ ದೇಹದ ನೀರು ಸೋರಿಹೋಗುತ್ತದೆ, ರೋಗಾಣುಗಳು ನುಗ್ಗುತ್ತವೆ. ಆ ಕೆಲವು ವಾರಗಳನ್ನು ದಾಟಿಸಲು ಇನ್ನೊಬ್ಬರ ಚರ್ಮವೇ ಒಳ್ಳೆಯ ಹೊದಿಕೆ. ಕಡೆಗೆ ಉದುರಿದರೂ ಅಷ್ಟರಲ್ಲಿ ಒಂದು ಪ್ರಾಣ ಉಳಿದಿರುತ್ತದೆ. ಇದಕ್ಕಾಗಿಯೇ ಚರ್ಮನಿಧಿಗಳಿವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲೂ ಒಂದು ಇದೆ. ನೇತ್ರದಾನದಂತೆ ಮರಣದ ನಂತರ ಆರು ಗಂಟೆಗಳೊಳಗೆ ತೊಡೆ, ಬೆನ್ನು ಮೊದಲಾದ ಕಡೆಗಳಿಂದ ತೆಳ್ಳನೆಯ ಮೇಲ್ಪದರವನ್ನು ಮಾತ್ರ ತೆಗೆಯುತ್ತಾರೆ. ಮೃತರ ಮುಖಕ್ಕೆ ಏನೂ ಆಗುವುದಿಲ್ಲ, ದೇಹ ವಿಕಾರವಾಗುವುದಿಲ್ಲ. ಆದರೂ ಕಣ್ಣು ಕೊಡಲು ಒಪ್ಪುವ ಮನೆಯವರು ಚರ್ಮವೆಂದೊಡನೆ ಹಿಂಜರಿಯುತ್ತಾರೆ.

ಹಿಂಜರಿಯಲು ನಮಗೆ ಕಾರಣವಿರಬಾರದು. ಋಣ ತೀರಿಸುವ ಮಾತು ಬಂದಾಗ ಚರ್ಮ ಸುಲಿದು ಚಪ್ಪಲಿ ಮಾಡಿಸಿಕೊಟ್ಟರೂ ತೀರದು ಎನ್ನುವ ಜನ ನಾವು. ಕಲ್ಯಾಣದ ಹರಳಯ್ಯನೂ ಅವನ ಮಡದಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ನಮ್ಮ ಹಿರಿಯರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿದ್ದಾರೆ. ಅವರು ಬದುಕಿದ್ದಾಗ ಕೊಟ್ಟರು, ನೋವನ್ನು ನುಂಗಿ ಕೊಟ್ಟರು. ನಮ್ಮನ್ನು ಕೇಳುತ್ತಿರುವುದು ಅದರಲ್ಲಿ ನೂರರ ಒಂದು ಪಾಲೂ ಅಲ್ಲ. ನಾವು ಹೋದ ಮೇಲೆ, ಚಿತೆಗೋ ಮಣ್ಣಿಗೋ ಸೇರತಕ್ಕ ಒಂದು ತೆಳ್ಳನೆಯ ಪದರ, ಅಷ್ಟೆ. ಈ ಸಂಜೆ ಮನೆಯವರೆಲ್ಲ ಒಟ್ಟಿಗೆ ಕುಳಿತಾಗ ಈ ಮಾತನ್ನು ಒಮ್ಮೆ ಎತ್ತಿ ನೋಡಿ. ಸಾವು ಮನೆಗೆ ಬಂದ ಗಳಿಗೆಯಲ್ಲಿ ಇಂಥದನ್ನು ಯೋಚಿಸಲು ಯಾರಿಗೂ ಆಗುವುದಿಲ್ಲ. ಯೋಚಿಸತಕ್ಕ ಕಾಲ ಹಾಲು ಕಾಯುತ್ತಿರುವ ಇಂಥ ನೆಮ್ಮದಿಯ ಹೊತ್ತೇ.